ಕೃತಕ ಮಂಡಿಗೆ ತಗಲುವ ಸೋಂಕು: ಕಾರಣ ಮತ್ತು ಚಿಕಿತ್ಸೆ

ಸವೆದುಹೋದ ಮಂಡಿಯ ಕೀಲನ್ನು ತೆಗೆದು ಅದರ ಸ್ಥಾನದಲ್ಲಿ ಲೋಹದ ಕೀಲನ್ನು ಜೋಡಿಸುವ ಶಸ್ತ್ರಕ್ರಿಯೆ ಇಂದು ಮಹಾನಗರಗಳಲ್ಲಿ ಸಾಮಾನ್ಯ ಸಂಗತಿಯಾಗಿದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗರು ಊರಿನಿಂದ ತಾಯಿಯನ್ನೋ ತಂದೆಯನ್ನೋ ಕರೆಸಿಕೊಂಡು, ಎರಡು ಮೂರು ತಿಂಗಳು ತಮ್ಮ ಬಳಿಯಲ್ಲಿಯೇ ಇರಿಸಿಕೊಂಡು, ಈ ಶಸ್ತ್ರಕ್ರಿಯೆಯನ್ನು ಮಾಡಿಸಿ ಮರಳಿ ಊರಿಗೆ ಕಳುಹಿಸುವುದು ಈಗ ಅಪರೂಪವೇನಲ್ಲ. ದೇವಸ್ಥಾನದ ಮೆಟ್ಟಿಲು ಹತ್ತಲಾರದೆ ಕೆಳಗೆಯೇ ನಿಂತು ಕೈಮುಗಿಯುತ್ತಿದ್ದವರು ಕೆಲವೇ ತಿಂಗಳುಗಳಲ್ಲಿ ಕೋಲಿನ ಆಸರೆಯಿಲ್ಲದೆ ಓಡಾಡುವುದನ್ನು ಕಂಡಾಗ ವೈದ್ಯವಿಜ್ಞಾನದ ಬಗೆಗೆ ಗೌರವ ಮೂಡದೆ ಇರದು.

ಆದರೆ ಈ ಶಸ್ತ್ರಕ್ರಿಯೆಗೆ ಒಳಗಾದ 100 ಮಂದಿಯಲ್ಲಿ ಸುಮಾರು 1 ಅಥವಾ 2 ಮಂದಿಗೆ ಹೊಸ ಕೀಲಿನಲ್ಲಿ ಬ್ಯಾಕ್ಟೀರಿಯಾಗಳ ಸೋಂಕು ತಗಲುತ್ತದೆ. ಸಂಖ್ಯೆ ಚಿಕ್ಕದೆನಿಸಬಹುದು. ಆದರೆ ಆ ಒಬ್ಬಿಬ್ಬರ ಪಾಲಿಗೆ ಅದು ಮೊದಲಿನ ಸವೆತಕ್ಕಿಂತ ದೊಡ್ಡ ಸಂಕಟ. ಮತ್ತೆ ಮತ್ತೆ ಶಸ್ತ್ರಕ್ರಿಯೆ, ತಿಂಗಳುಗಟ್ಟಲೆ ಔಷಧ, ಮೊದಲಿನದಕ್ಕಿಂತ ಹೆಚ್ಚಿನ ಖರ್ಚು, ಕೆಲವೊಮ್ಮೆ ಕಾಲನ್ನೇ ಕಳೆದುಕೊಳ್ಳುವ ಭೀತಿ ಇವೆಲ್ಲವನ್ನೂ ಅವರು ಎದುರಿಸಬೇಕಾಗುತ್ತದೆ. ಈ ಸೋಂಕು ಏಕೆ ಇಷ್ಟೊಂದು ಹಠಮಾರಿ, ಅದನ್ನು ವೈದ್ಯರು ಹೇಗೆ ಮಣಿಸುತ್ತಾರೆ, ಮನೆಯವರ ಯಾವ ನಡತೆಯಿಂದ ಕೀಲು ಉಳಿಯುತ್ತದೆ, ಯಾವುದರಿಂದ ಹೋಗುತ್ತದೆ ಎಂಬುದನ್ನು ತಿಳಿದಿರುವುದು ಅಗತ್ಯ.

ಕೃತಕ ಕೀಲಿನ ರಚನೆ

ತೊಡೆಯ ಮೂಳೆ, ಅದರ ಕೆಳಗಿನ ಕಾಲಿನ ಮೂಳೆ ಮತ್ತು ಮಂಡಿಚಿಪ್ಪು ಸೇರುವ ಸ್ಥಾನವೇ ಮಂಡಿ. ಮೂಳೆಗಳ ತುದಿಯನ್ನು ಹೊದಿಸಿರುವ ನುಣುಪಾದ ಮೃದ್ವಸ್ಥಿ ಸವೆದಾಗ ಮೂಳೆಗೆ ಮೂಳೆ ಉಜ್ಜಿ ನೋವು ಹುಟ್ಟುತ್ತದೆ. ಶಸ್ತ್ರವೈದ್ಯರು ಸವೆದ ತುದಿಗಳನ್ನು ಕತ್ತರಿಸಿ ತೆಗೆದು, ಮೇಲಿನ ಮೂಳೆಗೆ ಸಾಮಾನ್ಯವಾಗಿ ಕೋಬಾಲ್ಟ್ ಮತ್ತು ಕ್ರೋಮಿಯಂ ಬೆರೆತ ಲೋಹದ ಕವಚವನ್ನೂ, ಕೆಳಗಿನ ಮೂಳೆಗೆ ಲೋಹದ ತಟ್ಟೆಯನ್ನೂ ಜೋಡಿಸಿ, ನಡುವೆ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹಲಗೆಯನ್ನು ಇರಿಸುತ್ತಾರೆ. ಲೋಹವನ್ನು ಮೂಳೆಗೆ ಹಿಡಿದಿಡಲು ಹೆಚ್ಚಾಗಿ ಬಳಸುವ ‘ಮೂಳೆ ಸಿಮೆಂಟು’ ಕಟ್ಟಡದ ಸಿಮೆಂಟಲ್ಲ. ಕೃತಕ ದಂತಪಂಕ್ತಿಗಳನ್ನು ತಯಾರಿಸುವ ಅಕ್ರಿಲಿಕ್ ಜಾತಿಯ ವಸ್ತು.

ಕೀಲು ಬದಲಾವಣೆಯ ಆಧುನಿಕ ಯುಗವು ಸೊಂಟದ ಕೀಲಿನಿಂದ ಪ್ರಾರಂಭವಾಯಿತು. ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿ 1962ರಲ್ಲಿ ಲೋಹದ ಗುಂಡಿಗೆ ಪಾಲಿಎಥಿಲೀನಿನ ಬಟ್ಟಲನ್ನು ಹೊಂದಿಸಿ ಯಶಸ್ವಿಯಾದರು. ಇಂದಿನ ಕೃತಕ ಮಂಡಿಗಳಿಗೆ ಮಾದರಿಯಾದ ಕೀಲನ್ನು ನ್ಯೂಯಾರ್ಕಿನ ಜಾನ್ ಇನ್ಸಾಲ್ ಮತ್ತು ಅವರ ಸಹೋದ್ಯೋಗಿಗಳು 1974ರಲ್ಲಿ ಬಳಕೆಗೆ ತಂದರು. ಸೋಂಕಿನ ಪಿಡುಗು ಮೊದಲಿನಿಂದಲೂ ಬೆನ್ನು ಹತ್ತಿತ್ತು. ಚಾರ್ನ್‌ಲಿಯವರ ಆರಂಭದ ವರ್ಷಗಳಲ್ಲಿ ಶೇಕಡಾ 7ರ ಸುಮಾರಿನಲ್ಲಿದ್ದ ಸೋಂಕಿನ ಪ್ರಮಾಣವು, ಶಸ್ತ್ರಕ್ರಿಯಾ ಕೊಠಡಿಯ ಗಾಳಿಯನ್ನು ಶೋಧಿಸಿ ಶುದ್ಧಗೊಳಿಸಿದ್ದು ಮುಂತಾದ ಕ್ರಮಗಳ ಫಲವಾಗಿ, ಸುಮಾರು ಹತ್ತು ವರ್ಷಗಳಲ್ಲಿ ಶೇಕಡಾ 1ಕ್ಕಿಂತ ಕೆಳಗಿಳಿಯಿತು.

ಲೋಹದ ಮೇಲೆ ಕಟ್ಟಿದ ಕೋಟೆ

ಕೈಗೆ ಗಾಯವಾಗಿ ಕೀವು ತುಂಬಿದರೆ ಕೆಲವು ದಿನಗಳ ಔಷಧದಿಂದ ಅದು ಮಾಯುತ್ತದೆ. ಅದೇ ಜಾತಿಯ ಬ್ಯಾಕ್ಟೀರಿಯಾ ಕೃತಕ ಮಂಡಿಯನ್ನು ಹಿಡಿದರೆ ತಿಂಗಳ ಔಷಧಕ್ಕೂ ಜಗ್ಗುವುದಿಲ್ಲ. ಕಾರಣ ಸರಳ. ಜೀವಂತ ಮಾಂಸದಲ್ಲಿ ರಕ್ತ ಹರಿಯುತ್ತದೆ. ರಕ್ತದೊಡನೆ ರೋಗಾಣುಗಳನ್ನು ಕಬಳಿಸುವ ಬಿಳಿಯ ಕಣಗಳೂ ಔಷಧವೂ ಬರುತ್ತವೆ. ಲೋಹದಲ್ಲಿ ರಕ್ತನಾಳವಿಲ್ಲ. ಅದು ಶರೀರದೊಳಗಿದ್ದರೂ ಶರೀರದ ಕಾವಲಿಗೆ ಹೊರತಾದ ನೆಲ.

ಇದರ ಪರಿಣಾಮವೆಷ್ಟೆಂಬುದನ್ನು ಲಂಡನ್ನಿನ ಎಲೆಕ್ ಮತ್ತು ಕೊನೆನ್ ಎಂಬವರು 1957ರಲ್ಲಿ ತೋರಿಸಿಕೊಟ್ಟರು. ಸ್ವಯಂಸೇವಕರ ಚರ್ಮದಲ್ಲಿ ಕೀವು ಉಂಟುಮಾಡಲು ಹತ್ತಾರು ಲಕ್ಷ ಬ್ಯಾಕ್ಟೀರಿಯಾಗಳು ಬೇಕಾದುವು. ಆದರೆ ಅಲ್ಲಿ ಒಂದು ಹೊಲಿಗೆಯ ರೇಷ್ಮೆ ದಾರವಿದ್ದಾಗ ಅದರ ಹತ್ತು ಸಾವಿರದಲ್ಲಿ ಒಂದು ಭಾಗವೇ ಸಾಕಾಯಿತು. ಒಂದು ದಾರದ ತುಂಡೇ ಹೀಗೆ ಮಾಡುವುದಾದರೆ ಅಂಗೈಯಗಲದ ಲೋಹದ ಮಾತೇನು!

ಮಂಡಿಯೊಳಗೆ ಲೋಹವನ್ನು ಇಟ್ಟೊಡನೆ ಅದರ ಮೇಲ್ಮೈಗಾಗಿ ಒಂದು ಪಂದ್ಯವೇ ಆರಂಭವಾಗುತ್ತದೆ ಎಂದು ಅಮೆರಿಕದ ಮೂಳೆವೈದ್ಯ ಆಂಥೊನಿ ಗ್ರಿಸ್ಟಿನ 1987ರಲ್ಲಿ ವಿವರಿಸಿದರು. ಶರೀರದ ಜೀವಕೋಶಗಳು ಮೊದಲು ಲೋಹವನ್ನು ಆವರಿಸಿಕೊಂಡರೆ ಕ್ಷೇಮ. ಬ್ಯಾಕ್ಟೀರಿಯಾಗಳು ಮೊದಲು ತಳವೂರಿದರೆ ಅವು ಅಂಟಿಕೊಂಡು, ಗುಂಪುಗಟ್ಟಿ, ತಮ್ಮ ಸುತ್ತಲೂ ಲೋಳೆಯಂಥ ಪದಾರ್ಥವನ್ನು ಸ್ರವಿಸಿ ಅದರೊಳಗೆ ಸೇರಿಕೊಳ್ಳುತ್ತವೆ. ಈ ಪೊರೆಗೆ ಬಯೋಫಿಲ್ಮ್ ಎಂದು ಹೆಸರು. ಬೆಳಿಗ್ಗೆ ಎದ್ದಾಗ ಹಲ್ಲಿನ ಮೇಲೆ ನಾಲಗೆಗೆ ತಗಲುವ ಜಿಗುಟು ಲೇಪವೂ, ತುಂಬ ದಿನ ತೊಳೆಯದ ನೀರಿನ ತೊಟ್ಟಿಯ ಗೋಡೆಯ ಲೋಳೆಯೂ ಇದೇ ಬಗೆಯವು. ಬ್ಯಾಕ್ಟೀರಿಯಾಗಳು ಬಹುಮಟ್ಟಿಗೆ ಹೀಗೆ ಅಂಟಿಕೊಂಡೇ ಬಾಳುತ್ತವೆ ಎಂಬುದರತ್ತ 1978ರಲ್ಲಿ ವಿಜ್ಞಾನಲೋಕದ ಗಮನ ಸೆಳೆದವರು ಕೆನಡದ ವಿಜ್ಞಾನಿ ವಿಲಿಯಂ ಕಾಸ್ಟರ್ಟನ್.

ಈ ಕೋಟೆಯ ಗೋಡೆಯಷ್ಟೇ ತೊಡಕಾಗಿದ್ದರೆ ಔಷಧದ ಪ್ರಮಾಣವನ್ನು ಹೆಚ್ಚಿಸಿ ಗೆಲ್ಲಬಹುದಾಗಿತ್ತೇನೋ. ಆದರೆ ಪೊರೆಯ ಆಳದಲ್ಲಿರುವ ಬ್ಯಾಕ್ಟೀರಿಯಾಗಳು ಆಹಾರ, ಆಮ್ಲಜನಕಗಳ ಕೊರತೆಯಿಂದ ಬೆಳವಣಿಗೆಯನ್ನೇ ನಿಲ್ಲಿಸಿ ನಿದ್ರಾವಸ್ಥೆಯಲ್ಲಿರುತ್ತವೆ. ಪೆನಿಸಿಲಿನ್ ಮೊದಲಾದ ಎಷ್ಟೋ ಔಷಧಗಳು ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು ಮಾತ್ರ ಕೊಲ್ಲಬಲ್ಲವು. ಡಬ್ಲಿನ್ನಿನ ಜೋಸೆಫ್ ಬಿಗ್ಗರ್ 1944ರಲ್ಲಿಯೇ ಇಂಥ ಬದುಕುಳಿಯುವ ರೋಗಾಣುಗಳನ್ನು ಗುರುತಿಸಿದ್ದರು. ಅವುಗಳ ಸಂತತಿಯನ್ನು ಮತ್ತೆ ಬೆಳೆಸಿ ನೋಡಿದರೆ ಅದು ಪೆನಿಸಿಲಿನ್ನಿಗೆ ಎಂದಿನಂತೆಯೇ ಬಲಿಯಾಗುತ್ತಿತ್ತು. ಎಂದರೆ ಅವು ಔಷಧವನ್ನು ಎದುರಿಸಿ ಗೆದ್ದವಲ್ಲ, ಮಲಗಿ ತಪ್ಪಿಸಿಕೊಂಡವು.

ಇದರಿಂದಲೇ ಒಂದು ಮೋಸ ಸಂಭವಿಸುತ್ತದೆ. ಮಾತ್ರೆ ನುಂಗಿದೊಡನೆ ಪೊರೆಯಿಂದ ಹೊರಬಿದ್ದ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಜ್ವರ ಇಳಿಯುತ್ತದೆ, ಬಾವು ತಗ್ಗುತ್ತದೆ. ಗುಣವಾಯಿತೆಂದು ಮನೆಯವರು ಸಮಾಧಾನ ಪಡುತ್ತಾರೆ. ಇದು ಬಡ್ಡಿಯನ್ನಷ್ಟೇ ಕಟ್ಟಿ ಸಾಲ ತೀರಿತೆಂದು ತಿಳಿದಂತೆ. ಅಸಲು ಲೋಹದ ಮೇಲೆ ಹಾಗೆಯೇ ಉಳಿದಿರುತ್ತದೆ. ಮಾತ್ರೆ ನಿಂತ ಕೆಲವು ವಾರಗಳಲ್ಲಿ ನೋವು ಮರಳುತ್ತದೆ.

ಸೋಂಕು ಬರುವ ದಾರಿಗಳು

ಕೃತಕ ಕೀಲನ್ನು ಹಿಡಿಯುವ ಬ್ಯಾಕ್ಟೀರಿಯಾಗಳಲ್ಲಿ ಸ್ಟ್ಯಾಫಿಲೊಕಾಕಸ್ ಕುಲದವು ಪ್ರಮುಖ. ಸೂಕ್ಷ್ಮದರ್ಶಕದಲ್ಲಿ ದ್ರಾಕ್ಷಿಯ ಗೊಂಚಲಿನಂತೆ ಕಾಣುವ ಇವು ಆರೋಗ್ಯವಂತರ ಚರ್ಮದ ಮೇಲೂ ಮೂಗಿನೊಳಗೂ ನಿರುಪದ್ರವಿಗಳಾಗಿ ವಾಸಿಸುತ್ತವೆ. ಇವಲ್ಲದೆ ಕರುಳಿನಲ್ಲಿ ವಾಸಿಸುವ ಜಾತಿಗಳೂ ಸೋಂಕನ್ನುಂಟುಮಾಡಬಲ್ಲವು.

ಇವು ಕೀಲನ್ನು ಸೇರಲು ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ಶಸ್ತ್ರಕ್ರಿಯೆಯ ಸಮಯ ಅಥವಾ ಗಾಯ ಮಾಯುವ ಮುನ್ನಿನ ದಿನಗಳು. ಉಗ್ರ ಜಾತಿಯದಾದರೆ ಕೆಲವೇ ವಾರಗಳಲ್ಲಿ ಜ್ವರ, ಕೆಂಪು, ಕೀವು ಕಾಣಿಸಿಕೊಳ್ಳುತ್ತವೆ. ಸಾಧು ಜಾತಿಯದಾದರೆ ಬೂದಿ ಮುಚ್ಚಿದ ಕೆಂಡದಂತೆ ತಿಂಗಳುಗಟ್ಟಲೆ, ಒಂದೆರಡು ವರ್ಷ ಕೂಡ, ಬರಿಯ ನೋವಾಗಿಯೇ ಉಳಿದೀತು. ಎರಡನೆಯದು ರಕ್ತದ ದಾರಿ. ಕಾಲಿನ ಹುಣ್ಣು, ಮೂತ್ರದ ಸೋಂಕು, ಹುಳುಕು ಹಲ್ಲು ಇವುಗಳಿಂದ ರಕ್ತಕ್ಕೆ ಬಂದ ಬ್ಯಾಕ್ಟೀರಿಯಾ ಹತ್ತು ವರ್ಷ ಚೆನ್ನಾಗಿದ್ದ ಕೀಲನ್ನೂ ಒಂದು ರಾತ್ರಿಯಲ್ಲಿ ಹಿಡಿಯಬಹುದು. ಮಧುಮೇಹ ಹತೋಟಿಯಲ್ಲಿಲ್ಲದವರು, ಅತಿಸ್ಥೂಲಕಾಯರು, ಧೂಮಪಾನಿಗಳು, ಸಂಧಿವಾತಕ್ಕಾಗಿ ಸ್ಟೀರಾಯ್ಡ್ ಸೇವಿಸುವವರು ಹೆಚ್ಚಿನ ಅಪಾಯಕ್ಕೆ ಗುರಿಯಾಗುತ್ತಾರೆ.

ಮೊದಲು ರೋಗಾಣುವಿನ ಹೆಸರು, ಅನಂತರ ಔಷಧ

ಶಸ್ತ್ರಕ್ರಿಯೆಯ ಗಾಯ ಹತ್ತು ದಿನ ಕಳೆದರೂ ಒಸರುತ್ತಿದ್ದರೆ, ಮಾಯ್ದ ಗಾಯ ಮತ್ತೆ ಬಾಯಿ ಬಿಟ್ಟರೆ, ಇಳಿದಿದ್ದ ಬಾವು ಮತ್ತೆ ಏರಿದರೆ, ಸುಖವಾಗಿದ್ದ ಮಂಡಿಯಲ್ಲಿ ರಾತ್ರಿಯ ವೇಳೆಯೂ ನೋವು ಕಾಡಿದರೆ ಸೋಂಕಿನ ಶಂಕೆ ಬರಬೇಕು. ಜ್ವರ ಇಲ್ಲವೆಂಬುದು ಸೋಂಕು ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ.

ವೈದ್ಯರು ರಕ್ತಪರೀಕ್ಷೆಯಿಂದ ಉರಿಯೂತದ ಸೂಚನೆಗಳನ್ನು ನೋಡುತ್ತಾರೆ. ಆದರೆ ನಿರ್ಣಾಯಕವಾದದ್ದು ಕೀಲಿನೊಳಗಿನ ದ್ರವ. ಸೂಜಿಯಿಂದ ಅದನ್ನು ಸೆಳೆದು, ಬಿಳಿಯ ರಕ್ತಕಣಗಳನ್ನು ಎಣಿಸಿ, ಉಳಿದುದನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ಯಾವ ಬ್ಯಾಕ್ಟೀರಿಯಾ, ಅದು ಯಾವ ಔಷಧಕ್ಕೆ ಮಣಿಯುತ್ತದೆ ಎಂದು ತಿಳಿಯುತ್ತಾರೆ. ಶಸ್ತ್ರಕ್ರಿಯೆ ಮಾಡುವಾಗಲೂ ಒಂದೇ ಕಡೆಯಿಂದಲ್ಲದೆ ಐದಾರು ಕಡೆಗಳಿಂದ ಚೂರುಗಳನ್ನು ತೆಗೆದು ಕಳುಹಿಸುತ್ತಾರೆ. ನಿಧಾನವಾಗಿ ಬೆಳೆಯುವ ಜಾತಿಗಳಿಗೆ ಎರಡು ವಾರದವರೆಗೂ ಕಾಯಬೇಕಾಗುತ್ತದೆ. ತೆಗೆದ ಲೋಹವನ್ನು ದ್ರವದಲ್ಲಿಟ್ಟು ಶ್ರವಣಾತೀತ ಧ್ವನಿಯ ಅಲೆಗಳಿಂದ ಪೊರೆಯನ್ನು ಅಲುಗಿಸಿ ಬಿಡಿಸುವ ವಿಧಾನವೂ ಇದೆ. 2007ರಲ್ಲಿ ಪ್ರಕಟವಾದ 331 ರೋಗಿಗಳ ಅಧ್ಯಯನವೊಂದರಲ್ಲಿ, ಮಾಂಸದ ಚೂರುಗಳ ಪರೀಕ್ಷೆಯು ಸೋಂಕಿತರಲ್ಲಿ ಶೇಕಡಾ 60.8 ಮಂದಿಯಲ್ಲಿ ರೋಗಾಣುವನ್ನು ಪತ್ತೆ ಮಾಡಿದರೆ ಈ ವಿಧಾನವು ಶೇಕಡಾ 78.5 ಮಂದಿಯಲ್ಲಿ ಪತ್ತೆ ಮಾಡಿತು.

ಈ ಹಂತದಲ್ಲಿಯೇ ಅತ್ಯಂತ ದೊಡ್ಡ ಅನಾಹುತ ನಡೆಯುವುದು. ಗಾಯ ಒಸರುತ್ತಿದೆಯೆಂದು ಔಷಧದ ಅಂಗಡಿಯಿಂದ ಐದು ದಿನದ ಆಂಟಿಬಯಾಟಿಕ್ ಮಾತ್ರೆಗಳನ್ನು ತಂದು ನುಂಗಿಸಿದರೆ ರೋಗ ಹೋಗುವುದಿಲ್ಲ. ಆದರೆ ದ್ರವದಲ್ಲಿ ರೋಗಾಣು ಬೆಳೆಯದಂತಾಗುತ್ತದೆ. ಕಳ್ಳ ಮನೆಯೊಳಗೇ ಇದ್ದಾನೆ, ಅವನ ಗುರುತು ಮಾತ್ರ ಅಳಿಸಿಹೋಗಿದೆ. ಅದಕ್ಕಾಗಿಯೇ, ರೋಗಿಯ ಸ್ಥಿತಿ ಅನುಮತಿಸಿದರೆ, ವೈದ್ಯರು ಔಷಧವನ್ನು ಎರಡು ವಾರವಾದರೂ ನಿಲ್ಲಿಸಿ ಆಮೇಲೆ ದ್ರವವನ್ನು ತೆಗೆಯಬೇಕಾಗುತ್ತದೆ. ತೀವ್ರ ಜ್ವರ, ಚಳಿ, ಮಂಪರು, ರಕ್ತದೊತ್ತಡದ ಇಳಿತಗಳಿದ್ದಲ್ಲಿ ಕಾಯುವಂತಿಲ್ಲ. ಆಗ ಆಸ್ಪತ್ರೆಯಲ್ಲಿ ಕೂಡಲೇ ಚಿಕಿತ್ಸೆ ನಡೆಯಬೇಕು.

ಚಿಕಿತ್ಸೆಯ ಮೂರು ಮಾರ್ಗಗಳು

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬುದು ಮೊದಲನೆಯ ಮಾರ್ಗ. ಕೀಲನ್ನು ತೆರೆದು, ಸೋಂಕಿದ ಮಾಂಸವನ್ನು ಕತ್ತರಿಸಿ ತೆಗೆದು, ಧಾರಾಳವಾಗಿ ತೊಳೆದು, ನಡುವಣ ಪ್ಲಾಸ್ಟಿಕ್ ಹಲಗೆಯನ್ನು ಮಾತ್ರ ಬದಲಾಯಿಸಿ, ಲೋಹವನ್ನು ಅಲ್ಲಿಯೇ ಉಳಿಸುತ್ತಾರೆ. ಲೋಹ ಭದ್ರವಾಗಿದ್ದು, ಸೋಂಕಿನ ಲಕ್ಷಣಗಳು ಕಾಣಿಸಿಕೊಂಡು ಸುಮಾರು ಮೂರು ವಾರ ಮೀರದಿದ್ದರೆ ಮಾತ್ರ ಇದು ಫಲಿಸುವ ಸಂಭವ ಹೆಚ್ಚು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಪೊರೆ ಬಲಿತ ಮೇಲೆ ತೊಳೆದರೆ ಹೋಗದು. ಕೀಲು ಉಳಿಯುವುದೋ ಇಲ್ಲವೋ ಎಂಬುದನ್ನು ಎಷ್ಟೋ ಸಲ ಶಸ್ತ್ರವೈದ್ಯರ ಕೈಚಳಕಕ್ಕಿಂತ ರೋಗಿಯು ಆಸ್ಪತ್ರೆಗೆ ಬಂದ ದಿನಾಂಕವೇ ನಿರ್ಧರಿಸುತ್ತದೆ.

ಎರಡನೆಯದು, ಒಂದೇ ಶಸ್ತ್ರಕ್ರಿಯೆಯಲ್ಲಿ ಹಳೆಯ ಕೀಲನ್ನು ಸಂಪೂರ್ಣವಾಗಿ ತೆಗೆದು ಹೊಸದನ್ನು ಜೋಡಿಸುವುದು. ಜರ್ಮನಿಯ ಹ್ಯಾಂಬರ್ಗ್ ನಗರದ ಬುಕ್‌ಹೋಲ್ಟ್ಸ್ ಮೂಳೆ ಸಿಮೆಂಟಿಗೆ ಜೆಂಟಾಮೈಸಿನ್ ಔಷಧವನ್ನು ಬೆರೆಸಿ ಈ ಮಾರ್ಗವನ್ನು ತೆರೆದರು. ಸಿಮೆಂಟು ತನ್ನೊಳಗಿನ ಔಷಧವನ್ನು ಕೀಲಿನ ಸುತ್ತಲೂ ನಿಧಾನವಾಗಿ ಬಿಡುತ್ತದೆ. ಸೋಂಕಿದ ಸೊಂಟದ ಕೀಲುಗಳ 583 ರೋಗಿಗಳಲ್ಲಿ ಶೇಕಡಾ 77 ಮಂದಿ ಗುಣವಾದರೆಂದು ಅವರ ತಂಡವು 1981ರಲ್ಲಿ ವರದಿ ಮಾಡಿತು. ರೋಗಾಣುವಿನ ಹೆಸರು ಮೊದಲೇ ತಿಳಿದಿದ್ದು, ಸುತ್ತಲಿನ ಚರ್ಮ, ಮಾಂಸಗಳು ಚೆನ್ನಾಗಿದ್ದರೆ ಮಂಡಿಗೂ ಈ ಕ್ರಮ ಒಪ್ಪುತ್ತದೆ.

ಮೂರನೆಯದು ಎರಡು ಹಂತಗಳ ಮಾರ್ಗ. ಇದನ್ನು ಮಂಡಿಗೆ ಅನ್ವಯಿಸಿ 1983ರಲ್ಲಿ ವಿವರಿಸಿದವರು ಮೇಲೆ ಹೇಳಿದ ಇನ್ಸಾಲ್ ಮತ್ತು ಸಂಗಡಿಗರು. ಮೊದಲ ಹಂತದಲ್ಲಿ ಲೋಹ, ಸಿಮೆಂಟುಗಳನ್ನೆಲ್ಲ ತೆಗೆದುಹಾಕಿ ಸುಮಾರು ಆರು ವಾರ ರಕ್ತನಾಳದ ಮೂಲಕ ಔಷಧ ಕೊಟ್ಟು, ಅನಂತರ ಹೊಸ ಕೀಲನ್ನು ಜೋಡಿಸಿದರು. ಇಂದು ನಡುವಿನ ಅವಧಿಯಲ್ಲಿ ಔಷಧ ಬೆರೆಸಿದ ಸಿಮೆಂಟಿನ ತಾತ್ಕಾಲಿಕ ಕೀಲನ್ನು ಇರಿಸುವುದು ವಾಡಿಕೆ. ಬಹುಕಾಲದ ಹಠಮಾರಿ ಸೋಂಕಿಗೆ ಜಗತ್ತಿನಾದ್ಯಂತ ಹೆಚ್ಚಾಗಿ ಅನುಸರಿಸುತ್ತಿರುವುದು ಈ ಮಾರ್ಗವನ್ನೇ. ಆದರೆ ಎರಡು ದೊಡ್ಡ ಶಸ್ತ್ರಕ್ರಿಯೆಗಳು, ನಡುವೆ ವಾಕರ್ ಹಿಡಿದು ಕಳೆಯುವ ತಿಂಗಳುಗಳು ವಯಸ್ಸಾದವರಿಗೆ ಸುಲಭವಲ್ಲ.

ಇವಾವುವೂ ಫಲಿಸದಿದ್ದಲ್ಲಿ, ಅಥವಾ ಶರೀರ ತಾಳಲಾರದಿದ್ದಲ್ಲಿ, ಜೀವನಪರ್ಯಂತ ಔಷಧ ಸೇವಿಸಿ ಸೋಂಕನ್ನು ಅದುಮಿಡುವುದು, ಮಡಿಸಲು ಬಾರದಂತೆ ಮೂಳೆಗಳನ್ನು ಬೆಸೆಯುವುದು, ಕೊನೆಯದಾಗಿ ಕಾಲನ್ನು ತೊಡೆಯ ಮಟ್ಟದಲ್ಲಿ ತೆಗೆಯುವುದು ಇವೇ ಉಳಿಯುವ ಆಯ್ಕೆಗಳು.

ಔಷಧದ ಆಯ್ಕೆ ಮತ್ತು ಅವಧಿ

ಕ್ಷಯರೋಗದ ಔಷಧವೆಂದೇ ಹೆಸರಾದ, ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುವ ರಿಫಾಂಪಿಸಿನ್ ಇಲ್ಲಿ ಅನಿರೀಕ್ಷಿತ ಮಿತ್ರನಾಗಿ ಒದಗಿದೆ. ಪೊರೆಯೊಳಗೆ ಅಡಗಿದ ಸ್ಟ್ಯಾಫಿಲೊಕಾಕಸ್ಸನ್ನು ತಲಪಬಲ್ಲ ಕೆಲವೇ ಔಷಧಗಳಲ್ಲಿ ಇದೊಂದು. ಸ್ವಿಟ್ಜರ್ಲೆಂಡಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಚಿಕಿತ್ಸೆಯನ್ನು ಪೂರ್ಣಗೊಳಿಸಿದವರ ಪೈಕಿ, ರಿಫಾಂಪಿಸಿನ್ ಮತ್ತು ಸಿಪ್ರೊಫ್ಲಾಕ್ಸಾಸಿನ್ ಎರಡನ್ನೂ ಪಡೆದ 12 ಮಂದಿಯಲ್ಲಿ 12 ಮಂದಿಯೂ, ಸಿಪ್ರೊಫ್ಲಾಕ್ಸಾಸಿನ್ ಮಾತ್ರ ಪಡೆದ 12 ಮಂದಿಯಲ್ಲಿ 7 ಮಂದಿಯೂ ಗುಣ ಹೊಂದಿದರು. ಆದರೆ ರಿಫಾಂಪಿಸಿನ್ನನ್ನು ಒಂಟಿಯಾಗಿ ಕೊಡುವಂತಿಲ್ಲ. ಬ್ಯಾಕ್ಟೀರಿಯಾ ಬಹು ಬೇಗ ಅದಕ್ಕೆ ಒಗ್ಗಿಹೋಗುತ್ತದೆ. ರಕ್ತ ತೆಳುಗೊಳಿಸುವ ಔಷಧ ಮುಂತಾದುವುಗಳ ಬಲವನ್ನು ಇದು ಕುಗ್ಗಿಸುವುದರಿಂದ ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ತಿಳಿಸಬೇಕು.

ಮೂಳೆಯ ಸೋಂಕಿಗೆ ಆರು ವಾರ ಸೂಜಿಮದ್ದೇ ಬೇಕೆಂಬ ನಂಬಿಕೆ ಬಹುಕಾಲ ಇತ್ತು. ಬ್ರಿಟನ್ನಿನ 26 ಕೇಂದ್ರಗಳಲ್ಲಿ 1,054 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವು, ಸರಿಯಾಗಿ ಆರಿಸಿದ ಮಾತ್ರೆಗಳೂ ಅಷ್ಟೇ ಸಮರ್ಥವೆಂದು ತೋರಿಸಿತು. ಇದರಿಂದ ಆಸ್ಪತ್ರೆಯ ವಾಸವೂ ಖರ್ಚೂ ತಗ್ಗಬಲ್ಲವು. ಆದರೆ ಅವಧಿಯನ್ನು ಮೊಟಕುಗೊಳಿಸುವುದು ಬೇರೆ ಮಾತು. ಫ್ರಾನ್ಸಿನಲ್ಲಿ ಕೃತಕ ಕೀಲಿನ ಸೋಂಕಿಗೆ ಒಳಗಾದ 410 ರೋಗಿಗಳನ್ನು ಕುರಿತ, 2021ರ ಪ್ರಯೋಗದಲ್ಲಿ ಆರು ವಾರ ಔಷಧ ಪಡೆದವರಲ್ಲಿ ಶೇಕಡಾ 18.1 ಮಂದಿಗೆ ಸೋಂಕು ಉಳಿಯಿತು. ಹನ್ನೆರಡು ವಾರ ಪಡೆದವರಲ್ಲಿ ಶೇಕಡಾ 9.4 ಮಂದಿಗೆ ಮಾತ್ರ. ನೋವು ಹೋಯಿತೆಂದು ನಡುವೆ ಮಾತ್ರೆ ನಿಲ್ಲಿಸುವವರು ಈ ಎರಡು ಅಂಕಿಗಳನ್ನು ನೆನಪಿನಲ್ಲಿಡಬೇಕು.

ಭಾರತದಲ್ಲಿ ಇನ್ನೊಂದು ತೊಡಕಿದೆ. ಅಡ್ಡಾದಿಡ್ಡಿ ಬಳಕೆಯಿಂದ ಅನೇಕ ಆಂಟಿಬಯಾಟಿಕ್‌ಗಳು ಮೊಂಡಾಗಿವೆ. ಸರಕಾರವು 2013ರಲ್ಲಿ ಹೊರಡಿಸಿ 2014ರಿಂದ ಜಾರಿಗೆ ತಂದ ಎಚ್-1 ಪಟ್ಟಿಯ ಪ್ರಕಾರ, ಅದರಲ್ಲಿ ಸೇರಿದ ಔಷಧಗಳನ್ನು ವೈದ್ಯರ ಚೀಟಿಯ ಮೇಲೆಯೇ ಮಾರಬೇಕು, ಮಾರಿದ್ದನ್ನು ಅಂಗಡಿಯವರು ಪುಸ್ತಕದಲ್ಲಿ ದಾಖಲಿಸಬೇಕು. ಔಷಧದ ಪಟ್ಟಿಯ ಮೇಲಿನ ಕೆಂಪು ಗೆರೆಯ ಅರ್ಥವೂ ಇದೇ: ವೈದ್ಯರ ಚೀಟಿಯಿಲ್ಲದೆ ಸೇವಿಸಬಾರದು.

ಎಲ್ಲ ಔಷಧಗಳೂ ಸೋತಲ್ಲಿ ಬ್ಯಾಕ್ಟೀರಿಯಾಗಳನ್ನೇ ತಿನ್ನುವ ಫೇಜ್ ಎಂಬ ವೈರಸ್ಸುಗಳತ್ತ ಸಂಶೋಧಕರು ತಿರುಗಿದ್ದಾರೆ. ಆಗ್ರಾದಲ್ಲಿ ಕೆಲಸ ಮಾಡುತ್ತಿದ್ದ ಅರ್ನೆಸ್ಟ್ ಹ್ಯಾಂಕಿನ್ 1896ರಲ್ಲಿ, ಗಂಗಾ ಯಮುನೆಯರ ನೀರಿಗೆ ಕಾಲರಾ ರೋಗಾಣುವನ್ನು ಕೊಲ್ಲುವ ಶಕ್ತಿಯಿದೆಯೆಂದೂ, ಕುದಿಸಿದರೆ ಆ ಶಕ್ತಿ ನಾಶವಾಗುತ್ತದೆಯೆಂದೂ ಬರೆದಿದ್ದರು. ಅದು ಫೇಜ್‌ಗಳ ಪ್ರಭಾವವಿರಬೇಕೆಂದು ಮುಂದೆ ಹಲವರು ಊಹಿಸಿದರು. ಕೃತಕ ಕೀಲುಗಳಲ್ಲಿ ಇವುಗಳ ಬಳಕೆ ಇನ್ನೂ ಪ್ರಯೋಗದ ಹಂತದಲ್ಲಿದೆ.

ಮನೆಯವರ ಹೊಣೆ

ಶಸ್ತ್ರಕ್ರಿಯೆಗೆ ಮುನ್ನ ಸಕ್ಕರೆಯ ಕಾಯಿಲೆಯನ್ನು ಹತೋಟಿಗೆ ತರಬೇಕು. ಹುಳುಕು ಹಲ್ಲು, ಕಾಲಿನ ಹುಣ್ಣು, ಮೂತ್ರದ ಉರಿ ಇವುಗಳಿಗೆ ಮೊದಲೇ ಚಿಕಿತ್ಸೆ ಮಾಡಿಸಬೇಕು. ಬೀಡಿ, ಸಿಗರೇಟು, ತಂಬಾಕನ್ನು ಬಿಡಿಸಬೇಕು. ಇದಕ್ಕಾಗಿ ಒಂದೆರಡು ತಿಂಗಳು ತಡವಾದರೂ ನಷ್ಟವಿಲ್ಲ.

ಗಾಯ ಪೂರ್ಣವಾಗಿ ಮಾಯುವ ಮೊದಲೇ ಹಿರಿಯರನ್ನು ಊರಿಗೆ ಕಳುಹಿಸಲು ಆತುರಪಡಬಾರದು. ಕಳುಹಿಸುವಾಗ ಆಸ್ಪತ್ರೆಯ ಬಿಡುಗಡೆ ಪತ್ರದ ಪ್ರತಿಯನ್ನೂ, ಕೀಲಿನ ತಯಾರಕರು, ಅಳತೆ, ಸಂಖ್ಯೆಗಳನ್ನು ನಮೂದಿಸಿದ ಚೀಟಿಗಳ ಪ್ರತಿಯನ್ನೂ ಜೊತೆಗೆ ಕೊಟ್ಟು, ಮತ್ತೊಂದು ಪ್ರತಿಯನ್ನು ನಗರದ ಮನೆಯಲ್ಲಿ ಜೋಪಾನವಾಗಿಡಬೇಕು. ಐದು ವರ್ಷಗಳ ಅನಂತರ ಆ ಕೀಲನ್ನು ತೆಗೆಯಬೇಕಾದ ಶಸ್ತ್ರವೈದ್ಯರಿಗೆ ಈ ಚೀಟಿಗಳು ಅಮೂಲ್ಯ. 2017ರ ಆಗಸ್ಟಿನಲ್ಲಿ ಸರಕಾರವು ಕೃತಕ ಮಂಡಿಗಳ ಬೆಲೆಗೆ ಮಿತಿ ಹಾಕಿತಾದರೂ, ಸೋಂಕಿನ ಚಿಕಿತ್ಸೆಯ ಹೆಚ್ಚಿನ ವೆಚ್ಚ ಆಸ್ಪತ್ರೆಯ ವಾಸ, ಮರುಶಸ್ತ್ರಕ್ರಿಯೆ, ಔಷಧಗಳದು. ವಿಮೆಯಿದ್ದವರು ಅದರ ಕಾಗದಪತ್ರಗಳನ್ನೂ ಇದೇ ಕಡತದಲ್ಲಿ ಇರಿಸುವುದು ಲೇಸು.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಒಪ್ಪಂದ. ಮಕ್ಕಳಿಗೆ ತೊಂದರೆ ಕೊಡಬಾರದೆಂದು ತಾಯಂದಿರು ಮಂಡಿಯ ಒಸರನ್ನು ಸೆರಗಿನಲ್ಲಿ ಮರೆಮಾಡುವುದುಂಟು. ಅರಿಸಿನ ಹಚ್ಚಿ, ಬಿಸಿನೀರಿನ ಶಾಖ ಕೊಟ್ಟು, ಅಂಗಡಿಯ ಮಾತ್ರೆ ನುಂಗಿ ಎರಡು ತಿಂಗಳು ಕಳೆದ ಮೇಲೆ ದೂರವಾಣಿಯಲ್ಲಿ ಹೇಳುವುದೂ ಉಂಟು. ಆ ಎರಡು ತಿಂಗಳಲ್ಲಿ ಲೋಹದ ಮೇಲಿನ ಪೊರೆ ಬಲಿತು, ತೊಳೆದು ಉಳಿಸಬಹುದಾಗಿದ್ದ ಕೀಲನ್ನು ಕಿತ್ತು ತೆಗೆಯಬೇಕಾಗುತ್ತದೆ. ಆದುದರಿಂದ ಊರಿಗೆ ಹೊರಡುವ ಮುನ್ನವೇ ಅವರಿಗೆ ಸ್ಪಷ್ಟವಾಗಿ ತಿಳಿಸಿರಬೇಕು: ಮಂಡಿ ಒಸರಿದರೆ, ಕೆಂಪಾದರೆ, ಬಾತರೆ ಆ ದಿನವೇ ಹೇಳಬೇಕು, ಶಸ್ತ್ರವೈದ್ಯರು ನೋಡುವವರೆಗೆ ಯಾರು ಕೊಟ್ಟ ಆಂಟಿಬಯಾಟಿಕ್ ಮಾತ್ರೆಯನ್ನೂ ನುಂಗಬಾರದು. ರಾತ್ರಿಯ ರೈಲಿಗೋ ಬಸ್ಸಿಗೋ ತೆರುವ ಹಣ, ಕಚೇರಿಯ ಎರಡು ದಿನದ ರಜೆ ಇವು ಒಂದು ಕಾಲಿನ ಮುಂದೆ ಅಲ್ಪ.